ತುಂಬಿ ಕೊಡಬೇಕಾದ ಡಬ್ಬಿ

ಬೇಯುತ್ತಿರುವ ಭತ್ತಕ್ಕೆ ಒಂದು ವಾಸನೆ ಇದೆ. ಅನ್ನದ ವಾಸನೆಯಲ್ಲ ಅದು. ಒದ್ದೆ ಹುಲ್ಲು, ಬಿಸಿ ಕಬ್ಬಿಣ, ರಾತ್ರಿಯಿಡೀ ನೆನೆದ ಕಾಳಿನ ಸಣ್ಣ ಹುಳಿ, ಎಲ್ಲ ಸೇರಿ ಆವಿಯಾಗಿ ಏಳುವ ವಾಸನೆ. ಕಂಪ್ಲಿಯಲ್ಲಿ ಹುಟ್ಟಿದವರು ಅದನ್ನು ಎಲ್ಲಿದ್ದರೂ ಗುರುತಿಸುತ್ತಾರೆ. ತ್ರಿವೇಣಿಗಂತೂ ಅದು ಅವ್ವನ ವಾಸನೆಯೇ ಆಗಿತ್ತು. ಅವ್ವ ಕೊಟ್ರಮ್ಮ ರೈಸ್ ಮಿಲ್ಲಿನ ಕಣದಲ್ಲಿ ಬೆಂದ ಭತ್ತವನ್ನು ಬರಿಗಾಲಿನಿಂದ ತಿರುವುತ್ತ ಒಣಗಿಸುವ ಕೂಲಿ ಮಾಡುತ್ತಿದ್ದಳು. ಸಂಜೆ ಮನೆಗೆ ಬಂದಾಗ ಅವಳ ಸೀರೆಯ ಅಂಚಿನಿಂದ ಒಂದೆರಡು ಕಾಳು ಉದುರುತ್ತಿದ್ದವು. ಅವನ್ನು ಹೆಕ್ಕುವುದು ತ್ರಿವೇಣಿಯ ಆಟ.

ಈಗ ಅರವತ್ತರ ವಯಸ್ಸಿನಲ್ಲಿ, ಹೊಸಪೇಟೆಯ ಅನಂತಶಯನಗುಡಿ ರಸ್ತೆಯ ಒಂದು ಹಳೆಯ ಗೋಡೌನಿನಲ್ಲಿ ಅಕ್ಕಿ ಚೀಲದ ಹೊಲಿಗೆ ಬಿಚ್ಚಿದಾಗಲೆಲ್ಲ, ಆ ವಾಸನೆ ಒಂದು ಕ್ಷಣ ಎದ್ದು ಬಂದು ಅವಳನ್ನು ಹತ್ತು ವರ್ಷದ ಹುಡುಗಿ ಮಾಡಿ ಹೋಗುತ್ತಿತ್ತು.

ಹತ್ತು ವರ್ಷದ ಹುಡುಗಿಯ ಜೊತೆ ಒಬ್ಬ ಹನ್ನೊಂದು ವರ್ಷದ ಹುಡುಗನೂ ನೆನಪಾಗುತ್ತಿದ್ದ.

ಮಧ್ಯಾಹ್ನ ಮಿಲ್ಲಿನ ಸೈರನ್ ಆದ ಮೇಲೆ ಕೆಲಸದ ಹೆಂಗಸರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಶಾಲೆಯಿಂದ ತ್ರಿವೇಣಿಯೂ ಅಲ್ಲಿಗೇ ಓಡಿ ಬರುತ್ತಿದ್ದಳು. ಮಾಲೀಕರ ಮಗ ಮುರುಗೇಶನ ಊಟ ಮನೆಯಿಂದ ಬರುತ್ತಿತ್ತು. ದುಂಡನೆಯ ಹಿತ್ತಾಳೆ ಡಬ್ಬಿ, ತಳದಲ್ಲಿ ‘ಮು’ ಎಂದು ಚುಕ್ಕೆ ಚುಕ್ಕೆಯಾಗಿ ಕೆತ್ತಿಸಿದ ಅಕ್ಷರ. ಅವನು ಅದನ್ನು ಹಿಡಿದುಕೊಂಡು ನೆಟ್ಟಗೆ ಬೇವಿನ ಮರದ ಹತ್ತಿರ ಬರುತ್ತಿದ್ದ.

“ಲೇ ತ್ರಿವೇಣಿ, ಇವತ್ತೂ ಹಾಗಲಕಾಯಿ ಹಾಕ್ಯಾರ. ನಂಗ ಸೇರಂಗಿಲ್ಲ. ಬದಲಿ ಮಾಡೋಣೇನು?”

“ನಮ್ಮದು ಬರೀ ರೊಟ್ಟಿ, ಖಾರ.”

“ಅದೇ ಬೇಕು ನಂಗ.”

ಹಾಗಲಕಾಯಿ ಪಲ್ಯದ ಕೆಳಗೆ ಬಿಳಿ ಅನ್ನ, ಒಂದು ಮೂಲೆಯಲ್ಲಿ ಗಟ್ಟಿ ಮೊಸರು ಇರುತ್ತಿತ್ತು. ತ್ರಿವೇಣಿಯ ಮನೆಯಲ್ಲಿ ಆಗ ಇದ್ದದ್ದು ನುಚ್ಚು. ಅವಳು ಆ ಅನ್ನವನ್ನು ಅಗುಳು ಅಗುಳಾಗಿ ಉಣ್ಣುತ್ತಿದ್ದಳು. ಅವನು ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು, “ಮಸ್ತ್ ಐತಿ” ಎನ್ನುತ್ತಿದ್ದ.

ಅವಳು ಪಿಯುಸಿ ಮುಗಿಸಿ ಬಳ್ಳಾರಿಯ ಹಾಸ್ಟೆಲ್ಲಿಗೆ ಹೊರಟ ದಿನ ಬಸ್ಸು ಸ್ಟಾರ್ಟ್ ಆಗಿತ್ತು. ಮುರುಗೇಶ ಸೈಕಲ್ ತುಳಿದುಕೊಂಡು ಬಂದು ಕಿಟಕಿಯಿಂದ ಡಬ್ಬಿ ಒಳಗೆ ಕೊಟ್ಟ.

“ದಾರಿಯಾಗ ಉಣ್ಣು. ಡಬ್ಬಿ ವಾಪಸ್ ಕೊಡು ಮತ್ತ, ನಮ್ಮವ್ವ ಬೈತಾಳ.”

ಇನ್ನೂ ಏನೋ ಹೇಳುವವನಂತೆ ಕಿಟಕಿಯ ಸರಳು ಹಿಡಿದುಕೊಂಡೇ ಹತ್ತು ಹೆಜ್ಜೆ ಓಡಿದ. ಬಸ್ಸು ವೇಗ ಹಿಡಿಯಿತು. ಸರಳು ಬಿಟ್ಟ.

ಕಂಪ್ಲಿ ಕಡೆ ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ಹಿಂತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ತ್ರಿವೇಣಿಗೆ ಚಿಟಿಕೆ ಸಕ್ಕರೆ ಸಾಲದೆನಿಸಿತು. ಮೊದಲ ಸಂಬಳ ಬರಲಿ, ಹೋಳಿಗೆ ತುಂಬಿ ಕೊಡುತ್ತೇನೆ ಅಂದುಕೊಂಡಳು. ದೋಣಿಮಲೈ ಟೌನ್‌ಶಿಪ್ಪಿನ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಸಂಬಳಕ್ಕಿಂತ ಒಂದು ವಾರ ಮೊದಲು ಮುರುಗೇಶನ ಲಗ್ನಪತ್ರಿಕೆ ಬಂತು.

ಹಾಗೆ ಉಳಿದ ಡಬ್ಬಿ ದೋಣಿಮಲೈ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಇತ್ತು. ತಮ್ಮಂದಿರ ಓದು, ಅವ್ವನ ಕಾಯಿಲೆ ಅಂತ ತ್ರಿವೇಣಿ ಮದುವೆಯನ್ನು ಮುಂದೂಡಿದಳು. ಆಮೇಲೆ ಮುಂದೂಡುವ ಅಗತ್ಯವೇ ಬೀಳಲಿಲ್ಲ. ನಿವೃತ್ತಿಯಾಗಿ ಹೊಸಪೇಟೆಗೆ ಬಂದಾಗ ಡಬ್ಬಿಯೂ ಬಂತು. ಅಲ್ಮೇರಾದಲ್ಲಿ ರೇಷ್ಮೆ ಸೀರೆಗಳ ಹಿಂದೆ ಕೂತಿತು. ಪ್ರತಿ ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಮತ್ತೆ ಅಲ್ಲೇ ಇಡುತ್ತಿದ್ದಳು.

*

ಗೋಡೌನಿನ ಹೆಸರು ಹಿಡಿಕಾಳು ಮನೆ. ಶುರುವಾಗಿ ಎರಡು ವರ್ಷ. ಓಣಿಯ ಅರವತ್ತು ಮನೆಗಳ ಅಡುಗೆಕಟ್ಟೆಯ ಮೇಲೆ ಒಂದೊಂದು ಗಡಿಗೆ. ಒಲೆ ಹಚ್ಚುವ ಮೊದಲು ಅದಕ್ಕೆ ಒಂದು ಹಿಡಿ ಅಕ್ಕಿಯೋ ಜೋಳವೋ ಬೇಳೆಯೋ ಹಾಕಬೇಕು. ಸೋಮವಾರ ಗಡಿಗೆ ತಂದು ಇಲ್ಲಿ ಸುರಿಯಬೇಕು. ಹಿಂದೆ ಅವ್ವಂದಿರು ಮಠಕ್ಕೆಂದು ಹೀಗೆ ಹಿಡಿ ಎತ್ತಿಡುತ್ತಿದ್ದರು. ತ್ರಿವೇಣಿ ಅದನ್ನೇ ನೆನಪಿಸಿ ಮನೆಮನೆ ಹತ್ತಿದ್ದಳು.

ಮೊದಲು ಒಯ್ಯಲು ಬಂದವರು ಇಪ್ಪತ್ತು ಮಂದಿ. ಈಗ ಸಾಲು ಕಾಲುವೆಯ ಸೇತುವೆ ಮುಟ್ಟುತ್ತಿತ್ತು. ಬೇಳೆ, ಎಣ್ಣೆ ಕೈಗೆ ಸಿಗದಂತಾಗಿದ್ದವು. ವಡ್ಡು ಊರಿನ ಕಡೆಯ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಕಳೆದುಕೊಂಡವರ ಹೆಂಡಂದಿರು ಬಸ್ಸು ಹತ್ತಿ ಬರುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡವರೂ ತಿಂಗಳ ಇಪ್ಪತ್ತರ ನಂತರ ಬಂದು ತಲೆ ತಗ್ಗಿಸಿ ನಿಲ್ಲುತ್ತಿದ್ದರು.

ಅವರ ತಲೆ ಇನ್ನಷ್ಟು ತಗ್ಗದಿರಲಿ ಎಂದು ತ್ರಿವೇಣಿ ಒಂದು ಏರ್ಪಾಡು ಮಾಡಿದ್ದಳು. ಕಾಳು ತಂದು ಕೊಡುವವರಿಗೆ ರಸ್ತೆಯ ಕಡೆಯ ಮುಂದಿನ ಬಾಗಿಲು. ಒಯ್ಯುವವರಿಗೆ ಬಸವಣ್ಣ ಕಾಲುವೆಯ ಕಡೆಯ ಹಿಂದಿನ ಬಾಗಿಲು. ಅಲ್ಲಿ ಹೆಸರು ಕೇಳುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಈ ಎರಡು ಬಾಗಿಲುಗಳ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಗಣೇಶನ ಹಬ್ಬ ಮುಗಿದ ಸೋಮವಾರ. ಮುಂದಿನ ಬಾಗಿಲಲ್ಲಿ ಬಿಳಿ ಅಂಗಿಯ ಒಬ್ಬರು ನಿಂತರು. ಚಪ್ಪಲಿ ಹೊರಗೆ ಬಿಟ್ಟು, ಒಂದು ಪಾದದಿಂದ ಇನ್ನೊಂದರ ಧೂಳು ಒರೆಸಿಕೊಂಡರು. ಕಾಳಿರುವ ಕಡೆ ಹೀಗೆ ಕಾಲು ಒರೆಸಿಕೊಳ್ಳುವುದು ಮಿಲ್ಲಿನಲ್ಲಿ ಬೆಳೆದವರ ರೂಢಿ.

ತ್ರಿವೇಣಿ ಕನ್ನಡಕವನ್ನು ಮೂಗಿನ ತುದಿಗೆ ತಂದಳು. ತಲೆ ನೆರೆತಿತ್ತು. ಭುಜ ಇಳಿದಿತ್ತು. ಆದರೆ ಏನೋ ಹೇಳಲು ಹೊರಟು ನಿಲ್ಲಿಸಿದಂತೆ ಅರೆತೆರೆದ ಆ ತುಟಿ!

“ಮುರುಗೇಶ್ ಅಲ್ಲೇನ್ರಿ? ಕಂಪ್ಲಿ ಮಿಲ್ಲಿನ ಮುರುಗೇಶ್?”

ಅವನು ಬೆಚ್ಚಿದ. ಕೈಯಲ್ಲಿ ಮಡಿಸಿದ ಬಟ್ಟೆಚೀಲ ಇತ್ತು. ಅದನ್ನು ಇನ್ನೂ ಚಿಕ್ಕದಾಗಿ ಮಡಿಸಿದ.

“ತ್ರಿವೇಣಿ… ನೀ… ನೀವು ಇಲ್ಲಿ?”

“ಇದು ನಮ್ಮದೇ ರೀ! ಸುದ್ದಿ ಕೇಳಿ ಬಂದ್ರೇನು? ಬರ್ರಿ, ಕುಂದ್ರಿ. ಅಲ್ಲಲ್ಲ, ಕುಂದ್ರಬ್ಯಾಡ್ರಿ! ದೇವರು ಕಳಿಸಿದಂಗ ಬಂದೀರಿ. ಈ ಚೀಲದ ಅಕ್ಕಿ ಹಳೇದೋ ಹೊಸದೋ ನಮಗ ತಿಳೀವಲ್ದು. ಮಿಲ್ಲಿನವರ ಕೈ ಬೇಕಾಗಿತ್ತು.”

ಅವನು ಒಂದು ಕ್ಷಣ ಹಿಂದಿನ ಬಾಗಿಲ ಕಡೆ ನೋಡಿದ. ಅಲ್ಲಿ ಸಾಲು ಗಿಜಿಗುಡುತ್ತಿತ್ತು. ಚೀಲವನ್ನು ಜೇಬಿಗೆ ತುರುಕಿಕೊಂಡ.

“ಹೂಂರಿ,” ಅಂದ. “ಕೈ ಹಚ್ಚಾಕನ ಬಂದೆ.”

ಒಂದು ಹಿಡಿ ಅಕ್ಕಿ ತೆಗೆದುಕೊಂಡು ಅಂಗೈಯಲ್ಲಿ ಉಜ್ಜಿ, ಊದಿ, ಮೂಗಿಗೆ ಹಿಡಿದ. “ಹೊಸದ ಐತಿ, ಆರು ತಿಂಗಳದ್ದು. ಗಂಗಾವತಿ ಕಡೇದು. ನೀರು ಕಮ್ಮಿ ಇಡಾಕ ಹೇಳ್ರಿ.” ಕೈಯಲ್ಲಿದ್ದ ಅಕ್ಕಿಯನ್ನು ಚೀಲಕ್ಕೆ ಹಾಕುವಾಗ ಒಂದು ಕಾಳೂ ಕೆಳಗೆ ಬೀಳಲಿಲ್ಲ.

*

ಅಂದಿನಿಂದ ಸೋಮವಾರ, ಗುರುವಾರ ತಪ್ಪದೆ ಬಂದ. ಸ್ವಲ್ಪ ಸ್ವಲ್ಪವಾಗಿ ಸುದ್ದಿ ಹೇಳಿದ. ಅಣ್ಣತಮ್ಮಂದಿರು ಪಾಲಾದ ಮೇಲೆ ಮಿಲ್ಲು ಬೇರೆಯವರ ಕೈಗೆ ಹೋಗಿತ್ತು. ಹೆಂಡತಿ ತೀರಿಕೊಂಡು ಎಂಟು ವರ್ಷ, ಮಕ್ಕಳಿಲ್ಲ. ಇನ್ನೊಬ್ಬರ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದು ಈಗ ಬಿಟ್ಟು, ಚಿತ್ತವಾಡ್ಗಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದ. “ರೆಸ್ಟ್ ತಗೊಳ್ಳೋ ವಯಸ್ಸು” ಎಂದು ನಕ್ಕ. ತ್ರಿವೇಣಿ ನಂಬಿದಳು. ಮಿಲ್ಲಿನವರು ಎಂಬ ಹೆಸರು ಕಂಪ್ಲಿಯವರ ಮನಸ್ಸಿನಲ್ಲಿ ಮಿಲ್ಲು ಹೋದರೂ ಹೋಗುವುದಿಲ್ಲ.

ಹಿಂದಿನ ಬಾಗಿಲು ನೋಡಿಕೊಳ್ಳುವವಳು ತಿಪ್ಪಕ್ಕ. ಮೂವತ್ತು ವರ್ಷ ಬಾಳೆಲೆ ಮಾರಿದವಳು, ಬಾಯಿಗೆ ಬೀಗವಿಲ್ಲ.

“ಅಕ್ಕೋರ, ಸೋಮವಾರ, ಗುರುವಾರ ನಿಮಗ ಇಸ್ತ್ರಿ ಸೀರಿನ ಬೇಕಾ?”

“ಕಾಟನ್ನು ತಿಪ್ಪಕ್ಕ, ಮುದುಡತೈತಿ.”

“ಮಂಗಳವಾರ ಮುದುಡಂಗಿಲ್ಲೇನು?”

ಮುರುಗೇಶ ಅತ್ತ ತಿರುಗಿ ಜೋಳ ಕೇರುತ್ತಿದ್ದ. ಅವನ ಕಿವಿ ಕೆಂಪಾದದ್ದನ್ನು ತ್ರಿವೇಣಿ ಕನ್ನಡಕದ ಮೇಲಿನಿಂದ ನೋಡಿದಳು. ಅವನು ಮೊರ ಎತ್ತಿದ ನೆಪದಲ್ಲಿ ತಿರುಗಿದ. ಕಣ್ಣು ಕಣ್ಣು ಕೂಡಿದವು. ಇಬ್ಬರೂ ಒಟ್ಟಿಗೇ ಕಾಳಿನೊಳಗೆ ಕಲ್ಲು ಹುಡುಕತೊಡಗಿದರು.

ಹೀಗೆ ನಗುನಗುತ್ತ ಹೋಗುತ್ತಿದ್ದ ದಿನಗಳಲ್ಲಿ ಒಂದೇ ಒಂದು ಮುಳ್ಳು. ಮಧ್ಯಾಹ್ನ ಒಂದಕ್ಕೆ ಎಲ್ಲರೂ ಚಾಪೆ ಹಾಸಿ ಊಟಕ್ಕೆ ಕೂತರೆ, ಮುರುಗೇಶ ಮೊಳೆಗೆ ನೇತುಹಾಕಿದ ತನ್ನ ಸ್ಟೀಲ್ ಕ್ಯಾರಿಯರ್ ತೆಗೆದುಕೊಂಡು ಕಾಲುವೆ ದಂಡೆಗೆ ಹೋಗುತ್ತಿದ್ದ.

“ಇಲ್ಲೇ ಕುಂದ್ರಬಾರದೇನ್ರಿ?”

“ನಂಗ ನೀರಿನ ಹತ್ರ ಉಣ್ಣೋದು ರೂಢಿ ಆಗೇತ್ರಿ.”

ಅರ್ಧ ತಾಸಿಗೆ ಬಂದು ಕ್ಯಾರಿಯರನ್ನು ಮತ್ತೆ ಮೊಳೆಗೆ ಹಾಕುತ್ತಿದ್ದ. ತೊಳೆದು ಒರೆಸಿದ, ಹೊಳೆಯುವ ಕ್ಯಾರಿಯರ್.

ತಿಪ್ಪಕ್ಕ ಒಂದು ದಿನ ಅಂದೇ ಬಿಟ್ಟಳು. “ಎಷ್ಟಾದರೂ ಮಿಲ್ಲಿನ ಮಂದಿ ಅಕ್ಕೋರ. ನಮ್ಮ ಸರೀಕ ಕುಂತು ಉಣ್ತಾರೇನು?”

ಕಣದ ಕೂಲಿ ಕೊಟ್ರಮ್ಮನ ಮಗಳಿಗೆ ಆ ಮಾತು ತಾಗಿತು. ಹಾಗಾದರೆ ಬೇವಿನ ಮರದ ಕೆಳಗೆ ಕೂತಿದ್ದ ಹುಡುಗ? ನಲವತ್ತಮೂರು ವರ್ಷ ತಿಕ್ಕಿ ಇಟ್ಟುಕೊಂಡ ಡಬ್ಬಿ? ಅದನ್ನು ಕೊಡುವ ಮಾತನ್ನು ಅವಳು ವಾರದಿಂದ ಮನಸ್ಸಿನಲ್ಲಿ ಜೋಡಿಸುತ್ತಿದ್ದಳು. ಮೊದಲು ಪರೀಕ್ಷಿಸಿ ನೋಡೋಣ ಅಂದುಕೊಂಡಳು.

ಗುರುವಾರ ಅವನು ಕ್ಯಾರಿಯರಿಗೆ ಕೈ ಹಾಕಿದಾಗ ಎದುರಿಗೆ ಹೋಗಿ ನಿಂತಳು. ಹಳೆಯ ದನಿಯನ್ನು ಹುಡುಕಿ ತಂದು ಅಂದಳು:

“ಬದಲಿ ಮಾಡೋಣೇನು?”

ಅವನ ಮುಖ ಒಂದು ಕ್ಷಣ ಬೆಳಗಿತು. ಆಮೇಲೆ ದೀಪ ಆರಿಸಿದ ಹಾಗೆ ಆರಿತು. ಕ್ಯಾರಿಯರನ್ನು ಎದೆಗೆ ಒತ್ತಿಕೊಂಡ.

“ಬ್ಯಾಡ್ರಿ.”

“ಹಾಗಲಕಾಯಿ ಇದ್ರೂ ನಡೀತೈತಿ ನಂಗ.”

“ಬ್ಯಾಡ ಅಂದ್ನೆಲ್ರೀ!”

ದನಿ ಜೋರಾಯಿತು. ಚಾಪೆಯ ಮೇಲಿದ್ದವರು ತಲೆಯೆತ್ತಿದರು. ಅವನು ಸರಸರ ಹೊರಗೆ ಹೋದ. ತ್ರಿವೇಣಿ ತನ್ನ ಬುತ್ತಿ ಬಿಚ್ಚಿಕೊಂಡು ಕೂತಳು. ರೊಟ್ಟಿ ಮುರಿದಳು, ಬಾಯಿಗೆ ಹಾಕಿಕೊಳ್ಳಲಿಲ್ಲ. ಅಂದು ಮನೆಗೆ ಹೋಗಿ ರೇಷ್ಮೆ ಸೀರೆಗಳನ್ನು ಡಬ್ಬಿಯ ಮುಂದೆ ಇನ್ನೂ ಒತ್ತಾಗಿ ಜೋಡಿಸಿದಳು.

*

ಮುಂದಿನ ಸೋಮವಾರ ಹನ್ನೊಂದಕ್ಕೇ ಅಕ್ಕಿ ಮುಗಿಯಿತು. ವಾರದ ಹಿಂದೆ ಮತ್ತೆ ಒಂದಷ್ಟು ಗುತ್ತಿಗೆ ಕೆಲಸದವರನ್ನು ಮನೆಗೆ ಕಳಿಸಿದ್ದರಂತೆ. ಸಾಲಿನಲ್ಲಿ ಇನ್ನೂ ಅರ್ಧ ಮಂದಿ ನಿಂತಿದ್ದರು. ಸೋಮವಾರದ ಗಡಿಗೆಗಳೂ ಅರ್ಧರ್ಧವೇ ಬಂದಿದ್ದವು. ಕೊಡುವ ಮನೆಗಳಲ್ಲೂ ಹಿಡಿ ಸಣ್ಣದಾಗಿತ್ತು.

“ನಾಳೆ ಬರ್ರಿ ಅಂತ ಹೇಳ್ಲೇನ್ರಿ ಅಕ್ಕೋರ?” ತಿಪ್ಪಕ್ಕನ ದನಿ ಮೊದಲ ಸಲ ಸಣ್ಣಗಾಗಿತ್ತು.

“ನಾಳೆ ಎಲ್ಲಿಂದ ತರೋಣ?”

ಮುರುಗೇಶ ಖಾಲಿ ಚೀಲ ಕೊಡವುತ್ತಿದ್ದವನು ನಿಲ್ಲಿಸಿದ. “ನುಚ್ಚಾದ್ರ ನಡೀತೈತೇನ್ರಿ?”

“ನುಚ್ಚು ಉಂಡ ಬೆಳ್ದಾಕಿ ನಾನು. ಯಾಕ್ರಿ?”

“ಮಂದೀನ ಕುಂದ್ರಸ್ರಿ, ನೀರು ಕೊಡ್ರಿ. ಬಂದೆ.”

ಮೂರು ತಾಸಾದ ಮೇಲೆ ಒಂದು ಟೆಂಪೋ ಬಂತು. ತುಂಬ ಚೀಲಗಳು. ಡ್ರೈವರ್ ಹೇಳಿದ: “ಕಂಪ್ಲಿ, ಮೆಟ್ರಿ ಕಡೆ ಒಂದು ಮಿಲ್ಲು ಬಿಡ್ಲಿಲ್ರಿ ಯಜಮಾನ್ರು. ಗೇಟಿನ ಮುಂದ ಕೈ ಕಟ್ಕೊಂಡು ನಿಂತ್ರು. ‘ನಮ್ಮ ಜಾಗದಾಗ ಮಂದಿ ಉಪಾಸ ನಿಂತಾರ’ ಅಂದ್ರು. ತಮ್ಮ ಹಳೇ ಮಿಲ್ಲಿಗೂ ಹೋದ್ರು ನೋಡ್ರಿ. ಅಲ್ಲಿಂದಾನ ನಾಲ್ಕು ಚೀಲ.”

ಒಂದು ಕಾಲದಲ್ಲಿ ತಂದೆಯ ಹೆಸರಿದ್ದ ಗೇಟು. ಅದರ ಮುಂದೆ ನಿಂತು ಕೇಳಿದ್ದಾನೆ. ತ್ರಿವೇಣಿಯ ಸಿಟ್ಟು ಎಲ್ಲಿ ಹೋಯಿತೋ.

ಕೊನೆಯ ಚೀಲ ಇಳಿಸಿ ಮುರುಗೇಶ ಅದರ ಮೇಲೆಯೇ ಕೂತುಬಿಟ್ಟ. ಬೆವರು ಇಳಿಯುತ್ತಿತ್ತು.

“ಊಟದ ಹೊತ್ತು ಮೀರೇತಿ. ನಿಮ್ಮ ಕ್ಯಾರಿಯರ್ ತರ್ತೀನಿ, ಇಲ್ಲೇ ಉಣ್ರಿ,” ಎಂದು ತ್ರಿವೇಣಿ ಅವನು ಬೇಡ ಅನ್ನುವ ಮೊದಲೇ ಮೊಳೆಯ ಹತ್ತಿರ ಹೋದಳು. ಎತ್ತಿದಳು.

ಕೈ ನಿರೀಕ್ಷಿಸಿದ್ದಕ್ಕಿಂತ ಎತ್ತರಕ್ಕೆ ಹೋಯಿತು. ಅಷ್ಟು ಹಗುರ.

ಅವಳು ಮುಚ್ಚಳ ತೆಗೆಯಲಿಲ್ಲ. ತೆಗೆಯಬೇಕಾದ್ದೇ ಇರಲಿಲ್ಲ. ಬೆನ್ನ ಹಿಂದೆ ಅವನು ಉಸಿರು ಬಿಗಿಹಿಡಿದು ಕೂತಿರುವುದು ಅವಳಿಗೆ ತಿರುಗದೆಯೇ ಗೊತ್ತಾಯಿತು. ಸದ್ದಾಗದಂತೆ ಕ್ಯಾರಿಯರನ್ನು ಅದೇ ಮೊಳೆಗೆ ಹಾಕಿದಳು. ಹೊಳೆಯುವ ಅದರ ಮೈಯಲ್ಲಿ ಒಂದೊಂದೇ ಕಂಡಿತು. ಚಿಕ್ಕದಾಗಿ ಮಡಿಸಿದ ಬಟ್ಟೆಚೀಲ. ಹಿಂದಿನ ಬಾಗಿಲ ಕಡೆ ಹೋದ ಒಂದು ನೋಟ. ಹಂಪಿಗೆ ಹೋಗಿ ದೇವರ ದರ್ಶನ ಮಾಡುತ್ತೇನೆಂದು ಅವನು ಹೇಳುತ್ತಿದ್ದ ಶನಿವಾರಗಳು. ಅಲ್ಲಿ ಮಧ್ಯಾಹ್ನ ದಾಸೋಹದ ಊಟ ಇರುತ್ತದೆ. ಅವನು ಅಂದು ಕೊಡಲು ಬಂದಿರಲಿಲ್ಲ. ಒಯ್ಯಲು ಬಂದವನ ಕೈಗೆ ಅವಳೇ ಮೊರ ಕೊಟ್ಟಿದ್ದಳು. ಮಿಲ್ಲಿನವರು ಎಂದು ಕೂಗಿ, ಎರಡು ಬಾಗಿಲುಗಳ ನಡುವೆ ನಿಲ್ಲಿಸಿಬಿಟ್ಟಿದ್ದಳು. ಎರಡು ತಿಂಗಳು ಅವನು ಮಂದಿಯ ಚೀಲ ತುಂಬಿ, ಬರಿಗೈಯಲ್ಲಿ ಹೋಗಿದ್ದ.

“ಬಿಸಿಲು ಭಾಳ ಐತಿ,” ಎಂದಳು ತಿರುಗಿ, ದನಿ ಸಮ ಮಾಡಿಕೊಂಡು. “ಊಟ ಆಮ್ಯಾಲ. ಮೊದಲು ಮಜ್ಜಿಗಿ ಕುಡೀರಿ, ಎಲ್ಲಾರೂ ಕುಡಿಯೋಣು.”

ಎಲ್ಲರಿಗೂ ಕೊಟ್ಟಳು. ಅವನ ಲೋಟ ಎರಡು ಸಲ ತುಂಬಿದಳು. ತಿಪ್ಪಕ್ಕ ಏನೋ ಕೇಳಲು ಬಾಯಿ ತೆರೆದವಳು, ತ್ರಿವೇಣಿಯ ಮುಖ ನೋಡಿ ಸುಮ್ಮನೆ ಒಂದು ಉಂಡೆ ಬೆಲ್ಲ ತಂದು ಅವನ ಪಕ್ಕ ಇಟ್ಟು ಹೋದಳು.

*

ಗುರುವಾರ ಬೆಳಿಗ್ಗೆ ಹಿಂದಿನ ಬಾಗಿಲಿಗೆ ಬೀಗ ಬಿದ್ದಿತ್ತು.

“ಒಯ್ಯೋ ಮಂದಿ ಎಲ್ಲಿಂದ ಬರಬೇಕ್ರಿ ಮತ್ತ?” ತಿಪ್ಪಕ್ಕ ಸೊಂಟದ ಮೇಲೆ ಕೈಯಿಟ್ಟಳು.

“ಮುಂದಿನಿಂದ. ತರೋರೂ ಅದೇ, ಒಯ್ಯೋರೂ ಅದೇ. ಚೀಲದಾಗ ಏನೈತಿ ಅಂತ ಯಾರು ಬಗ್ಗಿ ನೋಡ್ತಾರ? ನಾನೂ ತರ್ತೀನಿ, ನಾನೂ ಒಯ್ತೀನಿ.”

“ನೀವೇನು ಒಯ್ತೀರಿ?”

“ಒಂದು ಸೇರು ನುಚ್ಚು. ಭಾಳ ದಿನ ಆತು ಉಣ್ಣದ.”

ಮುರುಗೇಶ ಮೂಲೆಯಲ್ಲಿ ನಿಂತು ಕೇಳುತ್ತಿದ್ದ. ಆ ದಿನ ಒಂದೇ ಬಾಗಿಲಲ್ಲಿ ಗಡಿಗೆ ಹಿಡಿದವರೂ ಚೀಲ ಹಿಡಿದವರೂ ಭುಜಕ್ಕೆ ಭುಜ ತಾಗಿಸಿಕೊಂಡು ಬಂದರು. ವಡ್ಡು ಕಡೆಯಿಂದ ಬಂದ ಹೆಂಗಸೊಬ್ಬಳು ಅಕ್ಕಿ ಕಟ್ಟಿಕೊಂಡು, ತಾನು ತಂದಿದ್ದ ಒಂದು ಹಿಡಿ ಹಸಿ ಶೇಂಗಾ ಬುಟ್ಟಿಗೆ ಹಾಕಿ ಹೋದಳು.

ಒಂದು ಗಂಟೆಗೆ ಅವನು ಕ್ಯಾರಿಯರ್ ತೆಗೆದುಕೊಂಡು ಕಾಲುವೆಗೆ ನಡೆದ. ತ್ರಿವೇಣಿ ಬಟ್ಟೆಯಲ್ಲಿ ಸುತ್ತಿದ ಗಂಟು ಎತ್ತಿಕೊಂಡು ಹಿಂದೆಯೇ ಹೋದಳು. ಕಾಲುವೆಯ ನೀರು ಬಾಳೆತೋಟದ ನೆರಳು ಹೊತ್ತುಕೊಂಡು ಸದ್ದಿಲ್ಲದೆ ಹರಿಯುತ್ತಿತ್ತು. ಅವನಿಂದ ಒಂದು ಮಾರು ದೂರದ ಕಲ್ಲಿನ ಮೇಲೆ ಕೂತಳು.

ಅವನು ಕ್ಯಾರಿಯರನ್ನು ಮಡಿಲಿಗೆ ಎಳೆದುಕೊಂಡ.

“ನಾ ಅವತ್ತು ಕೈ ಹಚ್ಚಾಕ ಬಂದಿರಲಿಲ್ಲ,” ಎಂದ ಮುರುಗೇಶ.

“ಗೊತ್ತು.”

“ಯಾವಾಗಿಂದ?”

“ಸೋಮವಾರದಿಂದ. ಭಾಳ ತಡ ಆತು ನಂಗ ತಿಳಿಯೋದು.”

“ಬಾಗಿಲು ತಪ್ಪಿ ಬಂದೆ. ನೀವು ಹೆಸರು ಹಿಡಿದು ಕರೆದ್ರಿ. ಅಷ್ಟು ಖುಷಿಯಿಂದ ನನ್ನ ಹೆಸರು ಯಾರೂ ಕರೆದು ಎಷ್ಟು ವರ್ಷ ಆಗಿತ್ತೋ. ಆಮ್ಯಾಲ ಚೀಲ ಹ್ಯಾಂಗ ಬಿಚ್ಚಲಿ ಹೇಳ್ರಿ? ಹಸಿವು ತಡೀಬಹುದು. ಬಾರದಿದ್ರ ನೀವು ಮತ್ತ ಸಿಗಂಗಿಲ್ಲ, ಅದನ್ನ ತಡಿಯೋಕ ಆಗಂಗಿರಲಿಲ್ಲ.”

ತ್ರಿವೇಣಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಅದು ಒರೆಸುವಷ್ಟೇನೂ ಮಬ್ಬಾಗಿರಲಿಲ್ಲ.

“ಒಂದು ಕೇಳ್ತೀನಿ, ಖರೇ ಹೇಳ್ರಿ. ಹಾಗಲಕಾಯಿ ನಿಮಗ ಸೇರತಿರಲಿಲ್ಲೇನು?”

ಅವನು ನೀರಿನ ಕಡೆಯೇ ನೋಡುತ್ತ ನಕ್ಕ. ಆ ನಗು ಹನ್ನೊಂದು ವರ್ಷದ ಹುಡುಗನದು.

“ಹಾಗಲಕಾಯಿ ಅಂದ್ರ ನಂಗ ಪ್ರಾಣ. ದಿನಾ ಅದನ್ನ ಮಾಡು ಅಂತ ಅವ್ವನ ಜೊತಿ ಜಗಳ ತೆಗೀತಿದ್ದೆ.”

“ಮತ್ತ?”

“ಬೇವಿನ ಗಿಡದ ಕೆಳಗ ಕುಂದ್ರಾಕ ಏನರ ನೆಪ ಬೇಕಿತ್ತಲ್ಲ. ಬಸ್ಸಿನ ಕಿಟಕಿಯಾಗ ಅದನ್ನ ಹೇಳಾಕ ಓಡಿದ್ದೆ ನಾನು. ಬಸ್ಸು ಜಲ್ದಿ ಹೋತು.”

“ನಾ ಹೋಳಿಗಿ ತುಂಬಿ ತರೋಣಂತ ಕಾದೆ,” ಎಂದಳು ತ್ರಿವೇಣಿ. “ಲಗ್ನಪತ್ರಿಕಿ ಮೊದಲು ಬಂತು.”

ಅವನು ತಿರುಗಿ ನೋಡಿದ. ಏನೋ ಕೇಳಲು ತುಟಿ ಅರೆತೆರೆದ. ಈ ಸಲ ಅವಳು ಅವನು ಕೇಳುವವರೆಗೆ ಕಾಯಲಿಲ್ಲ. ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಿಚ್ಚಿದಳು. ಬೆಳಗಿನ ಜಾವವೇ ಎದ್ದು ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ಬಿಸಿಲಿಗೆ ಮಿಂಚಿತು. ಅವನು ಕೈ ಚಾಚಿ ತಳ ಮುಟ್ಟಿದ. ಬೆರಳು ಚುಕ್ಕೆಗಳ ಮೇಲೆ ಮೆಲ್ಲಗೆ ಹರಿದು ಅಲ್ಲೇ ನಿಂತಿತು.

“ಬದಲಿ,” ಎಂದಳು ಅವಳು.

ಅವನ ಮಡಿಲಿನಿಂದ ಖಾಲಿ ಕ್ಯಾರಿಯರ್ ಎತ್ತಿ ತನ್ನ ಪಕ್ಕ ಇಟ್ಟುಕೊಂಡಳು.

“ಇದನ್ನ ನಾ ಖಾಲಿ ವಾಪಸ್ ಕೊಡಂಗಿಲ್ಲ. ನಾಳೆ ತುಂಬಿ ತರ್ತೀನಿ. ನಿಮ್ಮ ಕಡಿ ಇರೋ ಡಬ್ಬಿನೂ ಖಾಲಿ ಬರಬಾರದು ಮತ್ತ.”

“ನಂಗ ಅನ್ನ ಬಿಟ್ಟು ಏನೂ ಮಾಡಾಕ ಬರಂಗಿಲ್ಲ.”

“ಅನ್ನಾನ ತರ್ರಿ. ಅಕ್ಕಿ ಒಳಗೈತಿ, ಮುಂದಿನ ಬಾಗಿಲಿಂದ ಒಯ್ರಿ.”

“ದಿನಾ ಹಿಂಗ ಬದಲಿ ಮಾಡ್ಕೋಂತ ಹೋದ್ರ ಎಲ್ಲಿಗೆ ಮುಗೀತೈತಿ ಇದು?”

“ಮುಗಿಸಾಕ ಅವಸರ ಏನೈತಿ?”

ಗೋಡೌನಿನ ಕಡೆಯಿಂದ ತಿಪ್ಪಕ್ಕ ಯಾರಿಗೋ ಗದರುವುದು ಕೇಳಿಸಿತು: “ಅತ್ಲಾಗ ಹೋಗಬ್ಯಾಡ್ರಿ, ಅಲ್ಲಿ ಊಟ ನಡದೈತಿ!”

ತ್ರಿವೇಣಿ ಮುಚ್ಚಳ ತೆಗೆದಳು. ಹಾಗಲಕಾಯಿ ಪಲ್ಯ, ಅದರ ಕೆಳಗೆ ಬಿಸಿ ಆರದ ಅನ್ನ, ಒಂದು ಮೂಲೆಯಲ್ಲಿ ಗಟ್ಟಿ ಮೊಸರು. ಬೇಯಿಸಿದ ಭತ್ತದ ಹಳೆಯ ವಾಸನೆ ತೆಳ್ಳಗೆ ಎದ್ದು ಇಬ್ಬರ ನಡುವೆ ನಿಂತಿತು. ಅವಳು ಎರಡೂ ಕೈಯಿಂದ ಡಬ್ಬಿ ಎತ್ತಿ ಅವನ ಕೈಗೆ ಕೊಟ್ಟಳು.